ಮೊದಲು ಕೊಡುಬಳೆ, ಆಮೇಲೆ ಅಂಗಡಿ

ಪ್ರಶ್ನೆ: ನನಗೆ 34 ವರ್ಷ. ಹಾಸನದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಏಳು ವರ್ಷಗಳಿಂದ ಟೈಲರ್ ಆಗಿದ್ದೇನೆ. ಕೈಗೆ 13,500 ರೂಪಾಯಿ ಬರುತ್ತದೆ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ಒಬ್ಬಳೇ ಮಗಳು, ನಾಲ್ಕನೇ ತರಗತಿ. ನಮ್ಮ ಅತ್ತೆ ಮಾಡುವ ಕೊಡುಬಳೆ, ಚಕ್ಕುಲಿಗೆ ನೆಂಟರಲ್ಲೆಲ್ಲ ಒಳ್ಳೆಯ ಹೆಸರು. ಅದನ್ನೇ ನಂಬಿ ಒಂದು ಕಾಂಡಿಮೆಂಟ್ಸ್ ಅಂಗಡಿ ಇಡುವ ಆಸೆ. ಸಾಲಗಾಮೆ ರಸ್ತೆಯಲ್ಲಿ ಮಳಿಗೆಯೊಂದು ಖಾಲಿ ಇದೆ. 2 ಲಕ್ಷ ಅಡ್ವಾನ್ಸ್, ತಿಂಗಳಿಗೆ 9,500 ಬಾಡಿಗೆ. ನಮ್ಮಿಬ್ಬರ ಉಳಿತಾಯ 1.30 ಲಕ್ಷ. ನನ್ನ ತಮ್ಮ 1.50 ಲಕ್ಷ ಕೊಡಲು ಸಿದ್ಧನಿದ್ದಾನೆ. ಲಾಭದಲ್ಲಿ ಅರ್ಧ ಪಾಲು ಬೇಕಂತೆ, ಅವನ ಹೆಂಡತಿಗೆ ತಿಳಿಯಬಾರದಂತೆ. ಸರಕು ತರಲು ನನ್ನ ಮಾಂಗಲ್ಯದ ಸರ ಅಡ ಇಡೋಣ ಎನ್ನುತ್ತಾರೆ ಯಜಮಾನರು. ಅತ್ತೆ ಮಾತ್ರ ಒಪ್ಪುತ್ತಿಲ್ಲ. ಮಾವ ಹೋಟೆಲ್ ಮಾಡಿ ಸೋತು ಊರಿನ ಜಮೀನು ಮಾರಿದ್ದರಂತೆ. ‘ನನ್ನ ಗೃಹಲಕ್ಷ್ಮಿ ಹಣದಲ್ಲಿ ಒಂದು ಪೈಸೆಯನ್ನೂ ಕೊಡುವುದಿಲ್ಲ’ ಎಂದಿದ್ದಾರೆ. ಈಗ ಮನೆಯಲ್ಲಿ ಮಾತೇ ಕಡಿಮೆಯಾಗಿದೆ. ಕೆಲಸ ಬಿಡಲೇ? ಇನ್ನೊಬ್ಬರ ಬಟ್ಟೆ ಹೊಲಿಯುತ್ತಲೇ ಮುದುಕಿಯಾಗಿಬಿಡುತ್ತೇನೆ ಎಂಬ ಭಯ ನನ್ನದು.
— ಹೆಸರು ಬೇಡ, ಹಾಸನ

ಉತ್ತರ: ಸೋದರಿ, ಆ ಮಳಿಗೆ ಬೇಡವೆಂದು ಹೇಳಿಬಿಡಿ. ವ್ಯಾಪಾರವನ್ನೇ ಬೇಡವೆನ್ನುತ್ತಿಲ್ಲ, ಖಂಡಿತ ಮಾಡಿ. ನಿಮ್ಮ ಮನೆಯಲ್ಲಿ ಮಾರುವಂಥ ಸರಕೂ ಇದೆ, ನಿಮ್ಮಲ್ಲಿ ಛಲವೂ ಇದೆ. ಆದರೆ ಈಗಿನ ಯೋಜನೆಯಲ್ಲಿ ಹಣವೆಲ್ಲ ಗೋಡೆಗೆ ಹೋಗುತ್ತಿದೆ, ಕೊಡುಬಳೆಗೆ ಏನೂ ಉಳಿಯುತ್ತಿಲ್ಲ. ಕಡಿಮೆ ಬಂಡವಾಳದವರು ಮೊದಲು ಗಿರಾಕಿಗಳನ್ನು ಸಂಪಾದಿಸಿಕೊಳ್ಳಬೇಕು, ಅಂಗಡಿ ಆಮೇಲೆ.

ನಿಮ್ಮ ಲೆಕ್ಕವನ್ನೇ ಬಿಡಿಸಿ ನೋಡೋಣ. ನಿಮ್ಮ ಉಳಿತಾಯ, ತಮ್ಮನ ಹಣ ಸೇರಿ 2.80 ಲಕ್ಷ. ಅದರಲ್ಲಿ 2 ಲಕ್ಷ ಮಳಿಗೆಯ ಮಾಲೀಕರ ಕೈಗೆ. ಉಳಿದ 80 ಸಾವಿರ ಗಾಜಿನ ಕೌಂಟರ್, ಬೋರ್ಡ್, ವಿದ್ಯುತ್ ಕೆಲಸ, ಒಲೆ, ಪಾತ್ರೆಗಳಿಗೆ ಮುಗಿಯುತ್ತದೆ. ಹಿಟ್ಟು, ಎಣ್ಣೆ ತರುವ ಹೊತ್ತಿಗೆ ಸರ ಅಡ ಇಡಬೇಕಾಗುತ್ತದೆ ಎಂದರೆ, ಪೂಜೆ ಮಾಡಿ ಬಾಗಿಲು ತೆರೆದ ದಿನವೇ ನೀವು ಬರಿಗೈ. ಕೆ.ಜಿ.ಗೆ 120 ರೂಪಾಯಿ ಲಾಭ ಉಳಿಯುತ್ತದೆ ಎಂದೇ ಇಟ್ಟುಕೊಳ್ಳಿ. ಬರೀ ಬಾಡಿಗೆ ಕಟ್ಟಲು ತಿಂಗಳಿಗೆ 80 ಕೆ.ಜಿ. ಮಾರಬೇಕು. ನೀವು ಬಿಟ್ಟುಬಂದ ಸಂಬಳವನ್ನೂ ಹುಟ್ಟಿಸಬೇಕಾದರೆ 190 ಕೆ.ಜಿ.ಗೂ ಹೆಚ್ಚು. ಇದರಲ್ಲಿ ವಿದ್ಯುತ್ ಬಿಲ್ಲು, ತಮ್ಮನ ಅರ್ಧ ಪಾಲು, ಅಡವಿಟ್ಟ ಸರದ ಬಡ್ಡಿ ಯಾವುದೂ ಸೇರಿಲ್ಲ.

ಸಾಲಗಾಮೆ ರಸ್ತೆಯಲ್ಲಿ ಜನಸಂಚಾರ ಇರುವುದು ನಿಜ. ಆದರೆ ಅವರಲ್ಲಿ ಬಹಳಷ್ಟು ಮಂದಿ ಕಾಲೇಜು ಹುಡುಗ ಹುಡುಗಿಯರು. ಅವರಿಗೆ ಬೇಕಾದದ್ದು ಚಹಾ, ಪಫ್ಸ್, ಗೋಬಿ. ಅರ್ಧ ಕೆ.ಜಿ. ಕೊಡುಬಳೆ ಕಟ್ಟಿಸಿಕೊಂಡು ಹೋಗುವವರು ಸಂಸಾರಸ್ಥರು. ಕಾಲೇಜಿಗೆ ರಜೆ ಬಿದ್ದರೆ ರಸ್ತೆಯೂ ಬಿಕೋ ಎನ್ನುತ್ತದೆ, ಬಾಡಿಗೆಗೆ ಮಾತ್ರ ರಜೆಯಿಲ್ಲ. ಇನ್ನೊಂದು ವಿಷಯವನ್ನೂ ಮರೆಯಬೇಡಿ: ಬೇಕರಿ, ಕಾಂಡಿಮೆಂಟ್ಸ್ ವ್ಯಾಪಾರದಲ್ಲಿ ನಮ್ಮ ಜಿಲ್ಲೆಯವರು ಪಳಗಿದ ಕೈ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಹುಡುಕುತ್ತಾ ಹೋದರೆ ಹಾಸನ ಸೀಮೆಯ ಹಳ್ಳಿಗಳಿಗೇ ಬಂದು ಮುಟ್ಟುತ್ತೇವೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ತಿರುಮಲಾಚಾರ್ ಅವರೂ ಈ ಕಡೆಯವರೇ. ಇಂಥ ಊರಿನಲ್ಲಿ ಮತ್ತೊಂದು ಗಾಜಿನ ಕೌಂಟರ್ ಇಟ್ಟ ಮಾತ್ರಕ್ಕೆ ಜನ ತಿರುಗಿ ನೋಡುವುದಿಲ್ಲ. ಅವರು ಹುಡುಕಿಕೊಂಡು ಬರಬೇಕಾದರೆ ಬೇರೆಲ್ಲೂ ಸಿಗದ ರುಚಿ ಇರಬೇಕು, ಮತ್ತು ಆ ರುಚಿ ಇರುವುದು ನಿಮ್ಮೊಡನೆ ಮಾತು ಬಿಟ್ಟಿರುವ ಅತ್ತೆಯ ಕೈಯಲ್ಲಿ.

ಆದ್ದರಿಂದ ಕೆಲಸ ಬಿಡದೆ, ಮನೆಯಿಂದಲೇ, ವಾರದ ರಜೆಯ ದಿನ ಶುರು ಮಾಡಿ. ಬರೀ ಕೊಡುಬಳೆ ಮತ್ತು ಚಕ್ಕುಲಿ. ನಿಪ್ಪಟ್ಟು, ಖಾರದ ಅವಲಕ್ಕಿ, ರವೆ ಉಂಡೆ ಎಂದು ಪಟ್ಟಿ ಬೆಳೆಸಬೇಡಿ.

ಮಾರುವುದಕ್ಕೂ ಮೊದಲು ಒಂದು ಸಲದ ಅಡುಗೆಯನ್ನು ಪೂರ್ತಿ ತೂಗಿ ನೋಡಿ. ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ, ಅರಸೀಕೆರೆಯ ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು ಇವನ್ನೆಲ್ಲ ತೂಗಿ ಬರೆದುಕೊಳ್ಳಿ. ಬಾಣಲೆಗೆ ಎರಡು ಲೀಟರ್ ಎಣ್ಣೆ ಸುರಿದಿರಿ; ಕರಿದು ಮುಗಿದ ಮೇಲೆ ಆರಿದ ಎಣ್ಣೆಯನ್ನು ಅಳೆಯಿರಿ. ಕೊಡುಬಳೆ ಕುಡಿದದ್ದೆಷ್ಟು, ಇನ್ನೊಮ್ಮೆ ಬಳಸಲಾಗದೆ ಚೆಲ್ಲಬೇಕಾದದ್ದೆಷ್ಟು? ಈ ಎರಡನೆಯದು ಸಾಮಾನ್ಯವಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ, ಲಾಭವನ್ನು ತಿನ್ನುವುದೂ ಅದೇ. ಹಾಗೆಂದು ಕರಿದ ಎಣ್ಣೆಯಲ್ಲೇ ಕರಿಯುತ್ತಾ ಹೋಗಬೇಡಿ. ಕಮಟು ವಾಸನೆ ಒಮ್ಮೆ ಮೂಗಿಗೆ ಬಡಿದರೆ ಗಿರಾಕಿ ಮರಳಿ ಬರುವುದಿಲ್ಲ. ಸುಟ್ಟು ಕೆಂಪಾದವು, ಮುರಿದವು, ರುಚಿ ನೋಡಲೆಂದು ಕೊಟ್ಟವು, ಗ್ಯಾಸು, ಪೊಟ್ಟಣ, ಆಟೊದ ಡೀಸೆಲ್ ಎಲ್ಲವನ್ನೂ ಬರೆಯಿರಿ. ಒಲೆಯ ಮುಂದೆ ನಿಂತ ಗಂಟೆಗಳಿಗೆ ಕೂಲಿಯನ್ನೂ ಬರೆಯಿರಿ. ಹೆಂಗಸರು ಮನೆಯಲ್ಲಿ ಮಾಡಿದ್ದಕ್ಕೆ ಕೂಲಿ ಹಾಕುವ ರೂಢಿ ನಮ್ಮಲ್ಲಿ ಇಲ್ಲ. ಅದನ್ನು ಬಿಟ್ಟು ತೆಗೆದ ಲಾಭ ಲಾಭವೇ ಅಲ್ಲ.

ಅದೇ ದಿನ ಕರಿದದ್ದರಲ್ಲಿ ಆರೇಳು ಪೊಟ್ಟಣ ಕಟ್ಟಿ ಎತ್ತಿಡಿ, ವಾರಕ್ಕೊಂದರಂತೆ ಬಿಚ್ಚಿ ತಿಂದು ನೋಡಿ. ಹಾಸನದ ಮಳೆಗಾಲದ ತೇವಕ್ಕೆ ಗರಿಗರಿ ಎಷ್ಟು ದಿನ ತಡೆಯುತ್ತದೆ ಎಂಬುದು ಗೊತ್ತಾಗದೆ ಪೊಟ್ಟಣದ ಮೇಲೆ ದಿನಾಂಕ ಹಾಕುವಂತಿಲ್ಲ.

ಮಾರಾಟಕ್ಕೆ ನಿಮ್ಮಲ್ಲಿ ಈಗಾಗಲೇ ಒಂದು ದೊಡ್ಡ ಅನುಕೂಲವಿದೆ. ಯಜಮಾನರ ಆಟೊ ದಿನವೂ ಅಂಗಡಿ ಬಾಗಿಲುಗಳಿಗೆ ಹೋಗುತ್ತದೆ. ಆಲೂರು, ಬೇಲೂರು, ಸಕಲೇಶಪುರದ ಕಡೆ ಬಾಡಿಗೆ ಸಿಕ್ಕ ದಿನ ಒಂದು ಡಬ್ಬ ಜೊತೆಗೆ ಹೋಗಲಿ. ಬೆಂಗಳೂರು–ಮಂಗಳೂರು ಹೆದ್ದಾರಿಯ ಹೋಟೆಲುಗಳು, ಸಕಲೇಶಪುರದ ಹೋಂಸ್ಟೇಗಳು, ನಿಮ್ಮದೇ ಕಾರ್ಖಾನೆಯ ಗೆಳತಿಯರು, ಮಗಳ ಶಾಲೆಯ ತಾಯಂದಿರು, ಇವರೇ ಮೊದಲ ಗಿರಾಕಿಗಳು. ಸೀಮಂತದ ಆರ್ಡರ್ ಹಿಡಿಯಿರಿ. ಮಡಿಲು ತುಂಬಲು ಚಕ್ಕುಲಿ, ಕೊಡುಬಳೆ ಬೇಕೇ ಬೇಕು, ಅಲ್ಲಿ ಚೌಕಾಸಿಯೂ ಕಡಿಮೆ, ಮುಂಗಡವೂ ಸಿಗುತ್ತದೆ. ಕೃಷ್ಣಾಷ್ಟಮಿಯಿಂದ ದೀಪಾವಳಿಯವರೆಗೆ ಒಳ್ಳೆಯ ವ್ಯಾಪಾರದ ಕಾಲ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರು ಹೇಗೆ ತುಂಬುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಅಂಗಡಿಯವರಿಗೆ ಉದ್ರಿ ಕೊಡುವಾಗ ಮಾತ್ರ ಗಟ್ಟಿಯಾಗಿರಿ. ‘ಮಾರಿದ ಮೇಲೆ ಕೊಡುತ್ತೇನೆ’ ಎನ್ನುವುದು ಅವರ ಪದ್ಧತಿ, ಅದನ್ನು ನೀವು ಬದಲಿಸಲಾರಿರಿ. ಆದರೆ ಹಿಂದಿನ ಸರಕಿನ ಹಣ ಬಾರದೆ ಮುಂದಿನ ಸರಕು ಇಳಿಸುವುದಿಲ್ಲ ಎಂಬ ನಿಯಮ ನಿಮ್ಮದಾಗಿರಲಿ. ಎಣ್ಣೆಯನ್ನು ನಗದು ಕೊಟ್ಟು ತಂದು, ಕೊಡುಬಳೆಯನ್ನು ಉದ್ರಿಗೆ ಕೊಟ್ಟು, ಸಾಲದ ಕಂತನ್ನು ವಾರವಾರ ಕಟ್ಟುವ ಸಂಕಟಕ್ಕೆ ಸಿಕ್ಕವರೇ ಹೆಚ್ಚಾಗಿ ಮುಳುಗಿರುವುದು. ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಾರದ ಕಂತಿನ ಸಾಲದ ಹತ್ತಿರ ಸುಳಿಯಬೇಡಿ.

ಈಗ ಅತ್ತೆಯ ವಿಷಯ. ಅವರನ್ನು ನಿಮ್ಮ ಆಸೆಗೆ ಅಡ್ಡ ನಿಂತವರೆಂದು ನೋಡಬೇಡಿ. ಮಾವ ಹೋಟೆಲ್ ಮಾಡಿ ಸೋತಾಗ ಜಮೀನು ಹೋದದ್ದನ್ನು ಕಣ್ಣಾರೆ ಕಂಡವರು ಅವರು. ಆಗ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದರೇ? ತಿಂಗಳಿಗೆ 2,000 ರೂಪಾಯಿ ಅವರದೇ ಖಾತೆಗೆ ಬೀಳುತ್ತಿರುವುದು, ಬಹುಶಃ ಜೀವನದಲ್ಲಿ ಮೊದಲ ಸಲ. ಅದನ್ನು ಕೇಳುವುದನ್ನು ಇಂದಿನಿಂದಲೇ ನಿಲ್ಲಿಸಿ. ಬದಲಿಗೆ ಅವರಿಗೆ ನೀವೇ ಕೂಲಿ ಕೊಡಿ. ಹಿಟ್ಟಿನ ಹದ, ಖಾರದ ಅಳತೆ, ಯಾವುದನ್ನು ಪೊಟ್ಟಣಕ್ಕೆ ಹಾಕಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಎಂಬುದರಲ್ಲಿ ಅವರದೇ ಕೊನೆಯ ಮಾತು ಎಂದು ಹೇಳಿ. ಸಾಲವಿಲ್ಲ, ಅಡವಿಲ್ಲ, ಅಂಗಡಿಯಿಲ್ಲ ಎಂದು ಗೊತ್ತಾದರೆ ಅವರ ವಿರೋಧದ ಮುಕ್ಕಾಲು ಪಾಲು ಕರಗುತ್ತದೆಂದು ನನಗೆ ಅನ್ನಿಸುತ್ತದೆ. ಕರಗದಿದ್ದರೂ ಒತ್ತಾಯ ಮಾಡಬೇಡಿ. ಪಕ್ಕದಲ್ಲಿ ಕೂತು ಕಲಿಸಿ ಎಂದಷ್ಟೇ ಕೇಳಿ.

ತಮ್ಮನ ಹಣ ಮುಟ್ಟಬೇಡಿ. ಹೆಂಡತಿಯಿಂದ ಮುಚ್ಚಿಟ್ಟು ಕೊಡುವ ಹಣ ಒಂದಲ್ಲ ಒಂದು ದಿನ ಬಯಲಾಗುತ್ತದೆ, ಆಗ ಆ ಹೆಣ್ಣುಮಗಳ ಕಣ್ಣಿಗೆ ತಪ್ಪಿತಸ್ಥರಾಗಿ ಕಾಣುವುದು ನೀವು. ನಿಮ್ಮ ಉಳಿತಾಯವನ್ನು ಹೀಗೆಯೇ ಯಾರೋ ಯಾರಿಗೋ ಗುಟ್ಟಾಗಿ ಕೊಟ್ಟಿದ್ದರೆ ನಿಮಗೆ ಹೇಗಾಗುತ್ತಿತ್ತು? ಮುಂದೆ ಎಂದಾದರೂ ಅವನಿಂದ ಪಡೆಯುವುದಾದರೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಪಾಲು ಎಂದಲ್ಲ, ಸಾಲ ಎಂದು ಕಾಗದದಲ್ಲಿ ಬರೆದು ಪಡೆಯಿರಿ. ಸರವನ್ನು ಅಡ ಇಡುವ ಮಾತೂ ಬೇಡ. ಅದು ಆಸ್ಪತ್ರೆಯ ಕಷ್ಟಕ್ಕೆ ಇರಲಿ. 1.30 ಲಕ್ಷದಲ್ಲಿ 60 ಸಾವಿರವನ್ನು ಮಗಳ ಹೆಸರು ನೆನೆದು ಬ್ಯಾಂಕಿನಲ್ಲೇ ಬಿಡಿ. ದೊಡ್ಡ ಒಲೆ, ಬಾಣಲೆ, ತಕ್ಕಡಿ, ಪೊಟ್ಟಣ ಸೀಲ್ ಮಾಡುವ ಯಂತ್ರ ಎಲ್ಲ ಸೇರಿ 25 ಸಾವಿರದೊಳಗೆ ಮುಗಿಸಿ. ಉಳಿದದ್ದು ಹಿಟ್ಟು, ಎಣ್ಣೆ, ಉದ್ರಿಗಳ ನಡುವೆ ತಿರುಗುತ್ತಿರಲಿ.

ಕಾಗದಪತ್ರದ ಕೆಲಸ ನೀವು ಹೆದರಿದಷ್ಟು ಇಲ್ಲ. ಮನೆಯಲ್ಲಿ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಸಣ್ಣವರಿಗೆ ಬರೀ ನೋಂದಣಿ ಸಾಕು, ದೊಡ್ಡ ಪರವಾನಗಿ ಬೇಡ. ಪೊಟ್ಟಣದ ಮೇಲೆ ಆ ಸಂಖ್ಯೆ, ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ, ಅದಕ್ಕೆ ಸಾವಿರಗಟ್ಟಲೆ ಕೇಳುವವರನ್ನು ನಂಬಬೇಡಿ. ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್‌ನಲ್ಲಿ ವ್ಯಾಪಾರದ ಅಡುಗೆ ಮಾಡುವುದು ನಿಯಮಬಾಹಿರ. ವಾಣಿಜ್ಯ ಬಳಕೆಯ 19 ಕೆ.ಜಿ. ಸಿಲಿಂಡರ್ ಪಡೆದು ಅದರ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2025ರಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದಾಗ ಕೆಲವರು ಹೆದರಿ ಕ್ಯೂಆರ್ ಚೀಟಿಯನ್ನೇ ತೆಗೆದುಹಾಕಿದರು. ನೀವು ಹಾಗೆ ಮಾಡಬೇಡಿ. ಖಾತೆಯಲ್ಲಿ ಕಾಣುವ ವಹಿವಾಟೇ ನಾಳೆ ಬ್ಯಾಂಕಿನ ಮುಂದೆ ನಿಮ್ಮ ಪರವಾಗಿ ಮಾತನಾಡುವುದು.

ಸಾಲ ಬೇಕಾದರೆ ಆಗ ಕೇಳಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲದೆ ಸಿಗುತ್ತದೆ, ನಡುವೆ ಏಜೆಂಟರು ಬೇಕಿಲ್ಲ. ದೊಡ್ಡ ಘಟಕದ ಕನಸಿದ್ದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಮಹಿಳೆಯರಿಗೆ ನಗರದಲ್ಲಿ ಶೇ 25, ಗ್ರಾಮೀಣ ಪ್ರದೇಶದಲ್ಲಿ ಶೇ 35 ಸಬ್ಸಿಡಿ ಇದೆ. ಆದರೆ ಅದು ಹೊಸ ಘಟಕಗಳಿಗೆ ಮಾತ್ರ, ಸಬ್ಸಿಡಿ ಹಣವೂ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಆದ್ದರಿಂದ ಯಾವ ನೋಂದಣಿಗೂ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಮನೆಯಲ್ಲಿ ಆರಂಭಿಸಿದರೆ ಮುಂದೆ ಅರ್ಹತೆಗೆ ತೊಡಕಾಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ.

ಇನ್ನೊಬ್ಬರ ಬಟ್ಟೆ ಹೊಲಿಯುತ್ತಲೇ ಮುದುಕಿಯಾಗುವ ಭಯ ಎಂದಿರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಆ ಸಾಲು. ನೀವು ಕಾರ್ಖಾನೆಯ ಆ ಹೊಲಿಗೆ ಲೈನಿನಿಂದ ಹೊರಗೆ ಬರಬೇಕು, ಬರುತ್ತೀರಿ ಕೂಡ. ಆದರೆ ಏಳು ವರ್ಷ ಬೆನ್ನು ಬಗ್ಗಿಸಿ ದುಡಿದು ಸಂಪಾದಿಸಿದ ಹಕ್ಕುಗಳನ್ನು ಅಲ್ಲೇ ಬಿಟ್ಟು ಬರಬೇಡಿ. 2016ರ ಏಪ್ರಿಲ್‌ನಲ್ಲಿ ನಿಮ್ಮಂಥ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿ.ಎಫ್. ಹಣದ ನಿಯಮ ಬದಲಿಸಿದ್ದಕ್ಕೆ ಬೆಂಗಳೂರಿನ ರಸ್ತೆಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದ್ದರು. ಪಿ.ಎಫ್. ಜೊತೆಗಿನ ಪಿಂಚಣಿಗೆ 10 ವರ್ಷದ ಸೇವೆ ಬೇಕು. ನಿಮಗೆ ಇನ್ನು ಮೂರು ವರ್ಷ ಉಳಿದಿದೆ. ಅಲ್ಲಿಯವರೆಗೆ ಇರಲೇಬೇಕು ಎಂದು ಹೇಳಲಾರೆ, ಆದರೆ ಬಿಡುವಾಗ ಇಷ್ಟು ಬಿಟ್ಟೆ ಎಂಬುದು ಗೊತ್ತಿರಲಿ. ನೀವು ಹೊರಬಂದರೆ ಕಾರ್ಮಿಕರ ವಿಮೆಯಾದ ಇಎಸ್‌ಐ ಚಿಕಿತ್ಸೆಯ ಆಸರೆಯೂ ಮುಂದೆ ತಪ್ಪುತ್ತದೆ.

ಹಬ್ಬದ ತಿಂಗಳುಗಳನ್ನು ಬಿಟ್ಟು, ಸಾದಾ ತಿಂಗಳುಗಳಲ್ಲಿ ಸತತವಾಗಿ ಮೂರು ತಿಂಗಳು, ಎಲ್ಲರ ಕೂಲಿ ಕಳೆದು 9 ಸಾವಿರದಷ್ಟು ಉಳಿದರೆ ರಾಜೀನಾಮೆಯ ಯೋಚನೆ ಮಾಡಿ. ಅಲ್ಲಿಯವರೆಗೆ ವಾರದ ರಜೆಯ ಒಲೆಯೆಲ್ಲ ನಿಮ್ಮ ತಲೆಯ ಮೇಲೇ ಬೀಳಬಾರದು. ಪೊಟ್ಟಣ ಕಟ್ಟುವುದು, ವಸೂಲಿ, ಲೆಕ್ಕದ ಪುಸ್ತಕ, ಆ ದಿನದ ಮನೆಯ ಅಡುಗೆ ಯಜಮಾನರ ಪಾಲಿಗೆ ಬರಲಿ. ಸರ ಅಡ ಇಡೋಣ ಎಂದು ಸುಲಭವಾಗಿ ಹೇಳಿದವರು ಇಷ್ಟನ್ನಾದರೂ ಹೊರಬೇಕು.

ಬಿಡುವ ದಿನ ಬಂದಾಗ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಮಾಲೀಕರು ಕೊಡಬೇಕಾದ ಇಡುಗಂಟು, ಮರೆಯಬೇಡಿ. ಸತತ ಐದು ವರ್ಷ ದುಡಿದವರು ತಾವಾಗಿ ರಾಜೀನಾಮೆ ಕೊಟ್ಟರೂ ಅದು ಸಲ್ಲಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12 ಸಾವಿರವಿದ್ದರೆ ಏಳು ವರ್ಷಕ್ಕೆ ಸುಮಾರು 48 ಸಾವಿರ ರೂಪಾಯಿ ಆಗುತ್ತದೆ. ತಮ್ಮ ಗುಟ್ಟಾಗಿ ಕೊಡಲು ಹೊರಟ ಹಣದ ಮೂರರಲ್ಲಿ ಒಂದು ಪಾಲು ಅದು, ಅದೂ ಪೂರ್ತಿ ನಿಮ್ಮದೇ. ರಾಜೀನಾಮೆ ಪತ್ರದ ಜೊತೆಗೇ ಗ್ರಾಚ್ಯುಟಿ ಅರ್ಜಿಯನ್ನೂ ಕೊಟ್ಟು, ಎರಡರ ಪ್ರತಿಗೂ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.