ವಿಡಿಯೊ ಚಿಪ್‌ನ ಆಪ್ಟಿಮೈಸೇಶನ್ ಎಲ್ಲವನ್ನೂ ಸಾಫ್ಟ್‌ವೇರೇ ಮಾಡುವುದಾದರೆ ಎಂಜಿನಿಯರಿಗೆ ಏನು ಕೆಲಸ? ಕಾಸರಗೋಡಿನ ಮನೆಯಲ್ಲೇ ಕುಳಿತು ಇದನ್ನು ಕಲಿಯಬಹುದೇ?

ಕೆಲಸ ಬೇಕಾದಷ್ಟಿದೆ. ಬರೆದ ಲೆಕ್ಕವನ್ನು ಸರ್ಕ್ಯೂಟಾಗಿ ಮಾರ್ಪಡಿಸುವ ಸಿಂಥೆಸಿಸ್ ಸಾಫ್ಟ್‌ವೇರ್ ನೀವು ಬರೆದುಕೊಟ್ಟ ಲೆಕ್ಕವನ್ನು ಕಡಿಮೆ ಗೇಟ್‌ಗಳಲ್ಲಿ (ಚಿಪ್‌ನ ಮೂಲ ಘಟಕಗಳಲ್ಲಿ) ಮುಗಿಸಿಕೊಡುತ್ತದೆ. ಆ ಲೆಕ್ಕವೇ ದಂಡವಾಗಿದ್ದರೆ ಅದು ಚಕಾರ ಎತ್ತುವುದಿಲ್ಲ.

ಬಣ್ಣದ ಚಿತ್ರವನ್ನು ಕಪ್ಪು ಬಿಳುಪು ಮಾಡಲು ಕೆಂಪು, ಹಸಿರು, ನೀಲಿಗಳನ್ನು 0.299, 0.587, 0.114ರಿಂದ ಗುಣಿಸಿ ಕೂಡಿಸುತ್ತೇವೆ. ಇವನ್ನೇ 77, 150, 29 ಎಂದಿಟ್ಟುಕೊಂಡರೆ ಮೊತ್ತ 256. ಕೊನೆಗೆ 256ರಿಂದ ಭಾಗಿಸಲು ಕೆಳಗಿನ ಎಂಟು ಬಿಟ್‌ಗಳನ್ನು ಕೈಬಿಟ್ಟರೆ ಸಾಕು, ಒಂದು ಗೇಟೂ ಬೇಡ. 29 ಎಂದರೆ 32ರಲ್ಲಿ 4 ಕಳೆದು 1 ಕೂಡಿಸಿದ್ದು, ಹಾಗಾಗಿ ಗುಣಾಕಾರದ ಸರ್ಕ್ಯೂಟೇ ಬೇಡ ಎಂಬುದನ್ನು ಸಾಫ್ಟ್‌ವೇರ್ ತಾನೇ ಪತ್ತೆಹಚ್ಚೀತು. ಎಂಟು ಬಿಟ್ ನಿಖರತೆ ಸಾಕೆಂದು ತೀರ್ಮಾನಿಸುವವರು ನೀವು.

ವಿಡಿಯೊವನ್ನು ಕುಗ್ಗಿಸುವಾಗ ಅಸಲಿ ಖರ್ಚು ಚಲನೆ ಹುಡುಕುವಲ್ಲಿದೆ. 16×16 ಪಿಕ್ಸೆಲ್‌ಗಳ ಒಂದು ಬ್ಲಾಕ್ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತೆಂದು ಸುತ್ತ 15 ಪಿಕ್ಸೆಲ್‌ವರೆಗೆ ಜಾಲಾಡಿದರೆ 961 ಜಾಗಗಳಾಗುತ್ತವೆ; ಪ್ರತಿ ಜಾಗದಲ್ಲೂ ಪಿಕ್ಸೆಲ್‌ನಿಂದ ಪಿಕ್ಸೆಲ್ ಕಳೆದು ಹೋಲಿಸಬೇಕು. 1920×1080ರ ವಿಡಿಯೊ, ಸೆಕೆಂಡಿಗೆ 30 ಫ್ರೇಮ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 6,000 ಕೋಟಿ ವ್ಯವಕಲನ! ಮೊದಲು 8 ಪಿಕ್ಸೆಲ್ ದೂರದಲ್ಲಿ ನೋಡಿ, ಹೆಚ್ಚು ಹೋಲುವ ಜಾಗದ ಸುತ್ತ ಮತ್ತೆ 4, 2, 1 ಎಂದು ಹತ್ತಿರವಾಗುತ್ತ ಬಂದರೆ 33 ಜಾಗಗಳಲ್ಲೇ ಹುಡುಕಾಟ ಮುಗಿಯುತ್ತದೆ. ಇಂಥ ಉಳಿತಾಯ ಯಾವ ಸಾಫ್ಟ್‌ವೇರಿನ ಬಟನ್ ಒತ್ತಿದರೂ ಸಿಗದು.

ಆದರೆ ಅದಕ್ಕೆ ಬೆಲೆ ತೆರಬೇಕು. ನಾನು ಪರೀಕ್ಷೆಗೆ ಇಟ್ಟುಕೊಂಡಿರುವುದು ಕುಂಬಳೆ ಕಡೆಯ ಯಕ್ಷಗಾನ ಆಟದ ವಿಡಿಯೊ. ಭಾಗವತರು ಕುಳಿತು ಪದ ಹೇಳುವಷ್ಟು ಹೊತ್ತು ಎಲ್ಲವೂ ಸಲೀಸು. ಪುಂಡುವೇಷ (ತರುಣ ವೀರನ ಪಾತ್ರ) ಧೀಂಗಿಣ ಹಾರತೊಡಗಿತೋ, ಎಂದರೆ ಗಿರಗಿರ ತಿರುಗಿ ಹಾರತೊಡಗಿತೋ, ಲೆಕ್ಕ ತಪ್ಪುತ್ತದೆ: ಬ್ಲಾಕ್ ಜರುಗಿದೆಯೇ ಎಂದಷ್ಟೇ ಹುಡುಕುತ್ತಿದ್ದೇವೆ, ವೇಷ ತಿರುಗುತ್ತಿದೆ, ಆಭರಣದ ಹೊಳಪು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಿದೆ. ಅವಸರದ ಹುಡುಕಾಟ ಸಿಕ್ಕಿದ ಜಾಗಕ್ಕೆ ತೃಪ್ತಿಪಟ್ಟುಕೊಳ್ಳುತ್ತದೆ. ಬಿಟ್‌ರೇಟ್ (ಸೆಕೆಂಡಿಗೆ ಬೇಕಾಗುವ ಬಿಟ್‌ಗಳು) ಏರುತ್ತದೆ, ಇಲ್ಲವೇ ವೇಷದ ಅಂಚು ಚೌಕಚೌಕವಾಗಿ ಒಡೆಯುತ್ತದೆ. ಸುದ್ದಿವಾಚಕರ ವಿಡಿಯೊ ಹಾಕಿ ಪರೀಕ್ಷಿಸುವವರಿಗೆ ಇದು ಕಾಣುವುದೇ ಇಲ್ಲ.

ಮೆಮೊರಿಯನ್ನೂ ಮರೆಯಬೇಡಿ. ಹೊರಗಿನ ಡಿರ‍್ಯಾಮ್‌ನಿಂದ ಒಂದು ಪಿಕ್ಸೆಲ್ ತರುವ ವಿದ್ಯುತ್ತಿನ ಮುಂದೆ ಒಂದು ವ್ಯವಕಲನದ್ದು ಏನೇನೂ ಅಲ್ಲ. ಹುಡುಕಾಟದ ಕಿಟಕಿ 46 ಪಿಕ್ಸೆಲ್ ಅಗಲ. ಪಕ್ಕದ ಬ್ಲಾಕಿಗೆ ಹೋದಾಗ 30 ಕಂಬಸಾಲುಗಳು ಆಗಲೇ ಕೈಯಲ್ಲಿರುತ್ತವೆ, 16 ಮಾತ್ರ ಹೊಸದಾಗಿ ತರಬೇಕು.

ಇನ್ನು ಕಲಿಯುವ ವಿಚಾರ. ಖಂಡಿತ ಕಲಿಯಬಹುದು. ವಿನ್ಯಾಸವನ್ನು ಓಡಿಸಿ ನೋಡುವ ವೆರಿಲೇಟರ್, ಸಿಂಥೆಸಿಸ್ ಮಾಡುವ ಯೋಸಿಸ್, ಚಿಪ್‌ನ ನಕ್ಷೆ ತಯಾರಿಸುವ ಓಪನ್‌ಲೇನ್ ಎಲ್ಲವೂ ಉಚಿತ. ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿಯ 130 ನ್ಯಾನೊಮೀಟರ್ ತಂತ್ರಜ್ಞಾನದ ಕಡತಗಳು 2020ರಿಂದ ಮುಕ್ತವಾಗಿವೆ. ಮೇಲಿನ ಕಪ್ಪು ಬಿಳುಪಿನ ಲೆಕ್ಕವನ್ನೇ ಮೊದಲು ಎಂಟು ಬಿಟ್‌ನಲ್ಲಿ, ಆಮೇಲೆ ಹದಿನಾರು ಬಿಟ್‌ನಲ್ಲಿ ವೆರಿಲಾಗ್ ಎಂಬ ಚಿಪ್ ವಿನ್ಯಾಸದ ಭಾಷೆಯಲ್ಲಿ ಬರೆದು, ಯೋಸಿಸ್‌ನಲ್ಲಿ ಎರಡರ ಸೆಲ್ (ಗೇಟ್‌ನಂಥ ಘಟಕ) ಸಂಖ್ಯೆಯನ್ನೂ ಹೋಲಿಸಿ ನೋಡಿ. ಚಲನೆಯ ಹುಡುಕಾಟಕ್ಕೆ ಆಮೇಲೆ ಕೈಹಾಕಿ.