ಬಳ್ಳಾರಿಯಲ್ಲಿ ಹೊಲಿಗೆ, ಕರಕುಶಲದ ಸಾಮಾನು ಕಡಿಮೆ ರೇಟಿಗೆ ಎಲ್ಲಿ ಸಿಗುತ್ತೆ?

ಮನೆಯಲ್ಲೇ ಬಟ್ಟೆ ಚೀಲ, ಪೌಚ್ ಹೊಲಿಯೋಕೆ ಶುರು ಮಾಡಿದ್ದೇನೆ, ಹೊಸ ಬಟ್ಟೆ, ಜಿಪ್ಪು ಕೊಂಡರೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಬಳ್ಳಾರಿಯಲ್ಲೇ ಇದ್ದೀರಲ್ಲ, ಹಾಗಾದರೆ ಚಿಂತೆ ಬೇಡ. ನಮ್ಮದು ಜೀನ್ಸ್ ಹೊಲಿಯುವ ಊರು. ಪ್ಯಾಂಟ್ ಕತ್ತರಿಸಿ ಉಳಿದ ತುಂಡುಗಳು ಇಲ್ಲಿ ಮೂಟೆಗಟ್ಟಲೆ ಬೀಳುತ್ತವೆ. ನಾನು ಆರು ವರ್ಷದಿಂದ ಆ ತುಂಡುಗಳಲ್ಲೇ ಚೀಲ ಹೊಲಿಯುತ್ತಿದ್ದೇನೆ.

ಕೌಲ್ ಬಜಾರ್ ಕಡೆ ಹೋಗಿ. ನಾಲ್ಕೈದು ಮಿಷನ್ ಇಟ್ಟುಕೊಂಡು ಹೊಲಿಯುವ ಸಣ್ಣ ಯೂನಿಟ್‌ಗಳಲ್ಲಿ ವಿಚಾರಿಸಿ. ಕಟಿಂಗ್ ಮಾಡುವವರನ್ನೇ ಕೇಳಿ: "ಅಣ್ಣಾ, ಕಟ್ ಪೀಸ್ ತೂಕಕ್ಕೆ ಕೊಡ್ತೀರಾ?" ಮೀಟರ್ ಲೆಕ್ಕದಲ್ಲಿ ಕೊಳ್ಳುವುದಕ್ಕೂ ಕೆಜಿ ಲೆಕ್ಕದಲ್ಲಿ ಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಆದರೆ ಚೀಲದ ಬಾಯಿ ನೋಡಿ ದುಡ್ಡು ಕೊಡಬೇಡಿ. ನೆಲದ ಮೇಲೆ ಸುರಿಸಿ ನೋಡಿ. ಎಷ್ಟೋ ಸಲ ಮೇಲೆ ಅಗಲವಾದ ತುಂಡು, ಕೆಳಗೆ ಬರೀ ಪಟ್ಟಿ ಪಟ್ಟಿ ಚಿಂದಿ ಇರುತ್ತದೆ. ಎರಡು ಅಂಗೈ ಅಗಲ ಇದ್ದರೆ ಪೌಚಿಗೆ ಆಗುತ್ತದೆ. ಅದಕ್ಕಿಂತ ಸಣ್ಣವನ್ನು ಬಿಸಾಡಬೇಡಿ, ಕೌದಿಗೆ ಹಾಕಿ. ನಮ್ಮಜ್ಜಿ ಹಳೇ ಸೀರೆ ಒಳಗಿಟ್ಟು ಇಂಥ ತುಂಡುಗಳನ್ನು ಮೇಲೆ ಜೋಡಿಸಿ ಹೊಲಿದ ಕೌದಿ ಇವತ್ತಿಗೂ ನಮ್ಮ ಮನೆಯಲ್ಲಿದೆ.

ಆರಿಸುವಾಗ ತುಂಡನ್ನು ಅಡ್ಡಕ್ಕೆ ಎಳೆದು ನೋಡಿ. ರಬ್ಬರಿನ ಹಾಗೆ ಎಳೆದುಕೊಂಡರೆ ಅದು ಲೈಕ್ರಾ ಬೆರೆತ ಬಟ್ಟೆ, ಚೀಲ ಜೋತು ಬೀಳುತ್ತದೆ. ಒದ್ದೆ ಬಿಳಿ ಕರ್ಚೀಫ್ ತೆಗೆದುಕೊಂಡು ಹೋಗಿ, ಬಟ್ಟೆ ಮೇಲೆ ಉಜ್ಜಿ. ನೀಲಿ ಜಾಸ್ತಿ ಹತ್ತಿದರೆ ಒಗೆದು ಒಣಗಿಸಿದ ಮೇಲೇ ಕತ್ತರಿ ಹಾಕಿ. ಇಲ್ಲದಿದ್ದರೆ ಗಿರಾಕಿಯ ಬಿಳಿ ಅಂಗಿ ಹಾಳಾಗುತ್ತದೆ.

ಉಳಿದ ಜಿಪ್ಪು, ಗುಂಡಿಯನ್ನೂ ಅಲ್ಲೇ ಕೇಳಿ. ಜಿಪ್ಪಿನ ರನ್ನರ್ ಬಿಗಿ ಇದ್ದರೆ ಮೇಣದ ಬತ್ತಿಯನ್ನು ಹಲ್ಲುಗಳ ಮೇಲೆ ಉಜ್ಜಿ ನಾಲ್ಕು ಸಲ ಓಡಿಸಿ, ಸರಿಯಾಗುತ್ತದೆ. ತುಕ್ಕು ಹಿಡಿದಿದ್ದರೆ ಮಾತ್ರ ಬೇಡ.

ಹಳೇ ದಾರ ಮಾತ್ರ ದಯವಿಟ್ಟು ಪರೀಕ್ಷೆ ಮಾಡದೆ ಕೊಳ್ಳಬೇಡಿ. ಒಂದು ಸಲ ಒಬ್ಬರ ಹತ್ತಿರ ಇಪ್ಪತ್ತು ಕೋನ್ ಒಟ್ಟಿಗೆ ತಂದೆ. ಬಣ್ಣ ಚೆನ್ನಾಗಿತ್ತು. ಮಿಷನ್‌ಗೆ ಹಾಕಿದರೆ ಪ್ರತಿ ಗೇಣಿಗೂ ಕಟ್! ಬಿಸಿಲಿಗೆ ಇಟ್ಟು ಜೀವ ಹೋಗಿತ್ತು. ಇಪ್ಪತ್ತನ್ನೂ ಬಿಸಾಡಿದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಂದು ಮೊಳ ದಾರ ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿ. ಪಟ್ಟನೆ ಹರಿದರೆ ವಾಪಸ್ ಇಟ್ಟುಬಿಡಿ.

ಮಿಷನ್ ಬೇಕಾದರೆ ಟೇಲರ್‌ಗಳನ್ನು ಕೇಳುತ್ತಿರಿ. ಮೋಟಾರ್ ಮಿಷನ್ ತಗೊಂಡವರು ಹಳೇ ಕಾಲ್ಮಿಷನ್ ಮಾರುತ್ತಾರೆ. ಒಂದು ಡೆನಿಮ್ (ಜೀನ್ಸ್ ಬಟ್ಟೆ) ತುಂಡನ್ನೂ ದಪ್ಪ ಬಟ್ಟೆಗೆ ಹಾಕುವ 16ನೇ ನಂಬರ್ ಸೂಜಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೇಲೆ ಕೆಂಪು ದಾರ, ಕೆಳಗಿನ ಬಾಬಿನ್‌ಗೆ (ಅಡಿಯ ದಾರದ ಸಣ್ಣ ಉರುಳೆಗೆ) ಬಿಳಿ ದಾರ ಹಾಕಿ ನಾಲ್ಕು ಪದರ ಹೊಲಿಯಿರಿ. ಬಿಳಿ ದಾರ ಮೇಲೆ ಎದ್ದು ಕಂಡರೆ ಸಾಮಾನ್ಯವಾಗಿ ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪು ತಿರುಗಿಸಿದರೆ ಸಾಕು. ಸೂಜಿ ಹಿಡಿಯುವ ಕಂಬಿಯೇ ಅಕ್ಕಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಇನ್ನೊಂದು ಮಾತು. ಸಂಡೂರು ಕಡೆಯ ಲಂಬಾಣಿ ಕಸೂತಿಯ ಹಳೇ ಬಟ್ಟೆ ನಿಮ್ಮ ಕೈಗೆ ಸಿಗಬಹುದು. ಗಾಜು, ಕವಡೆಗೆ ಆಸೆಪಟ್ಟು ಅದನ್ನು ಬಿಚ್ಚಬೇಡಿ. ಒಂದೊಂದು ಗಾಜಿನ ಸುತ್ತಲೂ ಯಾರೋ ಒಬ್ಬ ತಾಯಿ ಕೈಯಲ್ಲೇ ದಾರ ಸುತ್ತಿ ಕೂರಿಸಿರುತ್ತಾಳೆ. ಹರಿದಿದ್ದರೆ ಹರಿದಷ್ಟು ಭಾಗಕ್ಕೆ ಅಸ್ತರು ಕೊಟ್ಟು ಇಡಿಯಾಗಿಯೇ ಬಳಸಿ. ಗಾಜು, ಕವಡೆ ಬಿಡಿಯಾಗಿಯೂ ಕೊಳ್ಳಬಹುದು.