ಎಲ್‌ಆರ್ ಕೇಳೋಕೆ ಸಂಕೋಚ ಯಾಕೆ ಮೇಷ್ಟ್ರೇ?

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಮಗಳಿಗೆ ಗುರುಗ್ರಾಮದಲ್ಲಿ ಕೆಲಸ ಸಿಕ್ಕಿದೆ. ಕಾರನ್ನು ಅಲ್ಲಿಗೆ ಕಳಿಸಬೇಕು. ಫೋನಿನಲ್ಲಿ ಸಿಕ್ಕ ಕಂಪನಿಯೊಂದು 14,000 ರೂಪಾಯಿ ಹೇಳಿ, ಅರ್ಧ ದುಡ್ಡು ಇವತ್ತೇ ಹಾಕಿ ಅನ್ನುತ್ತಿದೆ. ಊರಿನ ಟ್ರಾನ್ಸ್‌ಪೋರ್ಟ್ ಆಫೀಸಿನವರು ಕಾರು ನೋಡಿ 21,000 ಕೇಳಿದರು. ಫೋನಿನ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. ಕಾಗದ ಪತ್ರ ಕೇಳಿದರೆ ಅನುಮಾನ ಪಟ್ಟಂತಾಗುತ್ತದೆ ಅಂತ ಸುಮ್ಮನಾದೆ. ಯಾರಿಗೆ ಕೊಡಲಿ?"

ಮೇಷ್ಟ್ರೇ, ಎರಡು ಕಡೆ ದರ ಕೇಳಿದ್ದು ಸರಿಯೇ. ಫೋನಿನಲ್ಲಿ ವ್ಯವಹಾರ ಮಾಡುವವರಲ್ಲೂ ನಿಯತ್ತಿನವರಿದ್ದಾರೆ. ಆದರೆ ನಿಮ್ಮ ಕೊನೆಯ ಮಾತು ಓದಿ ನನಗೆ ಸಂಕಟವಾಯಿತು. ಇಡೀ ಆಯುಷ್ಯ ಅಂಕಪಟ್ಟಿಗೆ ಎರಡೆರಡು ಸಲ ನೋಡಿ ಸಹಿ ಹಾಕಿದವರು ನೀವು. ನಿಮ್ಮದೇ ಕಾರಿಗೆ ರಸೀದಿ ಕೇಳೋಕೆ ನಾಚಿಕೆಯೇ?

ಆ ಹುಡುಗನಿಗೆ ಒಂದೇ ಪ್ರಶ್ನೆ ಹಾಕಿ: ಎಲ್‌ಆರ್, ಅಂದರೆ ಸರಕು ಒಯ್ಯುವವರು ಕೊಡುವ ಲಾರಿ ರಸೀದಿ, ಯಾವ ಕಂಪನಿಯ ಹೆಸರಲ್ಲಿ ಬರುತ್ತದೆ? ಎಷ್ಟೋ ಸಲ ದರ ಹೇಳುವವನು ದಲ್ಲಾಳಿ. ಬುಕಿಂಗ್ ತಗೊಂಡು, ಕಮಿಷನ್ ಇಟ್ಟುಕೊಂಡು, ಕಾರನ್ನು ಬೇರೆಯವರ ಟ್ರೇಲರಿಗೆ ದಾಟಿಸುತ್ತಾನೆ. ಕಾರಿಗೆ ಏನಾದರೂ ಆದರೆ ದಲ್ಲಾಳಿ ಟ್ರೇಲರಿನವನನ್ನು ತೋರಿಸುತ್ತಾನೆ, ಟ್ರೇಲರಿನವನು ದಲ್ಲಾಳಿಯನ್ನು.

ನಮ್ಮ ಸಂಬಂಧಿಕರೊಬ್ಬರ ಕಾರು ಹೀಗೇ ಹೋಗಿ, ಬಾಗಿಲಿಗೆ ಉದ್ದಕ್ಕೂ ಗೀರು ಬಿದ್ದು ಇಳಿಯಿತು. "ಅದು ಹಳೇ ಗೀರು" ಅಂದರು. ಕಳಿಸುವಾಗ ಫೋಟೋ ತೆಗೆದಿರಲಿಲ್ಲ, ರಸೀದಿಯಲ್ಲಿ ಒಂದಕ್ಷರ ಇರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ.

ಕಾನೂನು ಇಲ್ಲ ಅಂತಲ್ಲ. 1865ರ ಬ್ರಿಟಿಷರ ಕಾಲದ ಕಾಯ್ದೆ ಹೋಗಿ 2007ರಲ್ಲಿ ರಸ್ತೆ ಸಾಗಣೆ ಕಾಯ್ದೆ ಬಂದಿದೆ. ಸಾಗಣೆದಾರ ನೋಂದಣಿ ಮಾಡಿಸಿರಬೇಕು, ಸರಕಿಗೆ ರಸೀದಿ ಕೊಡಬೇಕು. ಅದರಲ್ಲೇ ನಾವು ಗಮನಿಸದ ಒಂದು ಮಾತಿದೆ. ನೀವು ಮೊದಲೇ ಒಪ್ಪಿ ಹೆಚ್ಚಿನ ದರ ಕಟ್ಟಿರದಿದ್ದರೆ, ನಷ್ಟಕ್ಕೆ ಅವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ನಿಮ್ಮ 14,000ಕ್ಕೆ ಅದು 1,40,000. ಕಾರಿನ ಬೆಲೆ ನಾಲ್ಕು ಲಕ್ಷವಾದರೆ ಉಳಿದದ್ದು ಯಾರ ತಲೆ ಮೇಲೆ? ಅದಕ್ಕೇ ಕಾಗದದಲ್ಲಿ ಕಾರಿನ ಬೆಲೆ ಬರೆಸಿ, ಸಾಗಣೆಯ ವಿಮೆಯ ಪತ್ರದಲ್ಲಿ ನಿಮ್ಮ ಗಾಡಿ ನಂಬರ್ ಇದೆಯಾ ನೋಡಿ. "ಇನ್ಶೂರೆನ್ಸ್ ಇದೆ ಸಾರ್" ಅನ್ನುವ ಬಾಯಿಮಾತು ಸಾಲದು. ನಿಮ್ಮ ಕಾರಿನ ಸ್ವಂತ ವಿಮೆಯನ್ನೂ ತೆಗೆದು ಓದಿ. ಬರೀ ಥರ್ಡ್ ಪಾರ್ಟಿ ಆದರೆ ಈ ವಿಷಯದಲ್ಲಿ ಪ್ರಯೋಜನವಿಲ್ಲ.

ಇನ್ನೊಂದು. ಆ ಉದ್ದನೆಯ ಟ್ರೇಲರ್ ನಿಮ್ಮ ಬೀದಿಗೆ ಬರುವುದಿಲ್ಲ. ಕಾರು ಮೊದಲು ಬೆಂಗಳೂರಿನ ಕಡೆಯ ಯಾರ್ಡಿಗೆ ಹೋಗಬೇಕು. ಅಲ್ಲಿಯವರೆಗೆ ಸಣ್ಣ ಲಾರಿಯಲ್ಲೋ, ಯಾವುದೋ ಡ್ರೈವರ್ ಓಡಿಸಿಕೊಂಡೋ? ಕೇಳಿ. ಕೀ ಕೊಡುವ ಮುಂಚೆ ಮೀಟರ್, ನಾಲ್ಕೂ ಬದಿ, ಟೈರು, ಸ್ಟೆಪ್ನಿ ಎಲ್ಲದರ ಫೋಟೋ ತೆಗೆಯಿರಿ. ಟ್ರೇಲರ್ ತುಂಬುವವರೆಗೆ ಕಾರು ಯಾರ್ಡಲ್ಲೇ ಕಾಯಬಹುದು, ಕಡಿಮೆ ದರದ ಹಿಂದೆ ಅದೂ ಇರುತ್ತದೆ.

ನಮ್ಮ ಕಡೆಯವರ ದಾಕ್ಷಿಣ್ಯ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕಾಫಿ ಮೂಟೆ ಕ್ಯೂರಿಂಗಿಗೆ ಕಳಿಸುವ ಬೆಳೆಗಾರ ತೂಕ, ತೇವಾಂಶ, ಕೊನೆಗೆ ಎಷ್ಟು ಬೀಜ ಸಿಕ್ಕಿತು ಅನ್ನುವ ಔಟ್‌ಟರ್ನ್ ಎಲ್ಲ ಕೇಳುತ್ತಾನೆ. ಅಲ್ಲಿ ಯಾರೂ ಅವನನ್ನು ಅನುಮಾನದ ಮನುಷ್ಯ ಅನ್ನುವುದಿಲ್ಲ. ಅದೇ ಮನುಷ್ಯ ಆಸ್ಪತ್ರೆಯಲ್ಲಿ ಬಿಲ್ಲಿನ ವಿವರ ಕೇಳೋಕೆ ಹಿಂಜರಿಯುತ್ತಾನೆ, ಸೈಟು ತಗೊಳ್ಳುವಾಗ ಮೂಲಪತ್ರ ಕೇಳೋಕೆ ಹಿಂಜರಿಯುತ್ತಾನೆ. ನಿಯತ್ತಿನ ವ್ಯಾಪಾರಿಗೆ ಕಾಗದ ಕೇಳಿದರೆ ಬೇಜಾರಾಗುವುದಿಲ್ಲ. ಬೇಜಾರಾದರೆ ಅಲ್ಲಿಂದ ಎದ್ದು ಬನ್ನಿ.

ನಾನಾದರೆ ಆ 21,000ದ ಆಫೀಸಿಗೇ ಕೊಡುತ್ತೇನೆ. ಏಳು ಸಾವಿರ ಜಾಸ್ತಿ, ನಿಜ. ಆದರೆ ಅವರು ಕಾರು ನೋಡಿದ್ದಾರೆ, ನೀವು ಅವರ ಬಾಗಿಲು ನೋಡಿದ್ದೀರಿ. ಅವರನ್ನೂ ಮುಖ ನೋಡಿ ನಂಬಬೇಡಿ, ಅದೇ ಪ್ರಶ್ನೆಗಳನ್ನು ಅವರಿಗೂ ಕೇಳಿ.

ಕಾರು ತಲುಪಿದಾಗ ಮಗಳು ಬೆಳಕಿರುವಾಗಲೇ ಇಳಿಸಿಕೊಳ್ಳಲಿ. ಗೀರಿದ್ದರೆ ಸಹಿ ಹಾಕುವ ಮುಂಚೆ ರಸೀದಿಯ ಅವರ ಪ್ರತಿಯಲ್ಲೇ ಬರೆಯಲಿ. ಮುಂದೆ ಕೋರ್ಟಿಗೆ ಹೋಗುವುದಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಕಾರು 12 ತಿಂಗಳಿಗಿಂತ ಜಾಸ್ತಿ ಅಲ್ಲೇ ಇರುವುದಾದರೆ ಹರಿಯಾಣದ ನಂಬರ್ ಮಾಡಿಸಬೇಕಾಗುತ್ತದೆ. ಅದಕ್ಕೆ ಹಾಸನದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು, ಕಳಿಸುವ ಮುಂಚೆಯೇ ಅದರ ಓಡಾಟ ಶುರು ಮಾಡಿ.